ಆ ಕೆಂಪು ಗೆರೆ ಬೇಕಿತ್ತಾ?

ರಾಜ್ಯೋತ್ಸವ ಸಂಚಿಕೆಯಲ್ಲಿ ನಾವೊಂದು ಎಡವಟ್ಟು ಮಾಡಿದ್ವಿ. ನ್ಯೂಸ್‌ಪೇಪರ್ ಥರ ಕಾಣಲಿ ಅಂತ ವೆಬ್ ಪುಟವನ್ನು 3 ಕಾಲಮ್ ಮಾಡಿ, ನಡುವೆ 5 ಪಿಕ್ಸೆಲ್ ದಪ್ಪದ ಕೆಂಪು ಜೋಡಿ ಗೆರೆ ಎಳೆದ್ವಿ. ಲ್ಯಾಪ್‌ಟಾಪಲ್ಲಿ ನೋಡಿ ಖುಷಿಪಟ್ಟಿದ್ದೂ ಆಯ್ತು. ಆಮೇಲೆ ಹಾಸ್ಟೆಲ್‌ನಲ್ಲಿ ಒಬ್ಬ ಜೂನಿಯರ್ ಫೋನ್ ಹಿಡ್ಕೊಂಡು ಬಂದ. ಅವನ ಮೊದಲ ಲೇಖನ ಅದು. ಸಾಲಿಗೆ ಒಂದೇ ಪದ. ಉದ್ದ ಪದಗಳು ಗೆರೆ ದಾಟಿ ಪಕ್ಕದ ಕಾಲಮ್ಮಿಗೆ ನುಗ್ಗಿದ್ದವು. “ಅಮ್ಮಂಗೆ ಕಳ್ಸಿದ್ದೆ ಅಣ್ಣ, ಓದೋಕಾಗ್ಲಿಲ್ಲ ಅಂದ್ರು” ಅಂದ.

ಗೆರೆ ಎಳೆಯೋದು ಸುಲಭ. ಸಿಎಸ್‌ಎಸ್‌ನಲ್ಲಿ ಕಾಲಮ್-ರೂಲ್ ಅಂತ ಇದೆ. ದಪ್ಪ, ಶೈಲಿ, ಬಣ್ಣ ಮೂರನ್ನೂ ಒಂದೇ ಸಾಲಲ್ಲಿ ಕೊಡಬಹುದು. (ಶೈಲಿ ಬರೆಯೋದು ಮರೆತರೆ ಗೆರೆ ಬರೋದೇ ಇಲ್ಲ. ಇದು ಗೊತ್ತಾಗೋಕೆ ನಮಗೆ ಅರ್ಧ ರಾತ್ರಿ ಬೇಕಾಯ್ತು.) ಆದರೆ ಈ ಗೆರೆ ತನಗಂತ ಜಾಗ ತಗೊಳ್ಳಲ್ಲ. ಎರಡು ಕಾಲಮ್ ನಡುವಿನ ಖಾಲಿ ಜಾಗದಲ್ಲೇ ನಿಲ್ಲುತ್ತೆ. ಗೆರೆ ದಪ್ಪ ಆದಷ್ಟೂ ಅದು ಅಕ್ಷರಕ್ಕೆ ಹತ್ತಿರ. ನಾವೋ, ಕಾಲಮ್-ಗ್ಯಾಪ್ ಮುಟ್ಟಿರಲೇ ಇಲ್ಲ.

ಕನ್ನಡಕ್ಕೆ ಇದು ಇನ್ನೂ ಕಷ್ಟ. ನಮ್ಮ ಪದಗಳು ಉದ್ದ. ‘ಓದಿಕೊಳ್ಳುತ್ತಿದ್ದವರಿಗೆಲ್ಲ’ ಅನ್ನೋದನ್ನ ಸಣ್ಣ ಕಾಲಮ್ಮಲ್ಲಿ ಕೂರಿಸಿದ್ರೆ ಹಿಂದಿನ ಸಾಲು ಅರ್ಧ ಖಾಲಿ. ಆ ಅಂಕುಡೊಂಕು ಕಾಣದಿರಲಿ ಅಂತ ಗೆರೆ ಎಳೀತೀವಿ. ನಿಜವಾಗಿ ಮಾಡಬೇಕಾದ್ದು ಕಾಲಮ್ ಅಗಲ ಮಾಡೋದು. ಜೊತೆಗೆ ನಮ್ಮ ಅಕ್ಷರಗಳು ಗುಂಡಗಿವೆ. ಇಂಗ್ಲಿಷಿನ ಎಲ್, ಟಿ ಥರದ ನೆಟ್ಟನೆಯ ಕಡ್ಡಿಗಳು ಇಲ್ಲಿ ಕಮ್ಮಿ, ಹಾಗಾಗಿ ನೇರ ಗೆರೆ ಕಂಡ್ರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಬಣ್ಣ ಹೇಳದಿದ್ರೆ ಗೆರೆ ಅಕ್ಷರದ ಬಣ್ಣವನ್ನೇ ತಗೊಳ್ಳುತ್ತೆ, ಅದೂ ಜಾಸ್ತಿನೇ. 1 ಪಿಕ್ಸೆಲ್, ತಿಳಿ ಬೂದು, ಎರಡೂ ಕಡೆ ಧಾರಾಳ ಜಾಗ. ಇಷ್ಟು ಸಾಕು ಅನ್ನೋದು ನಮ್ಮ ವಾದ.

ಇನ್ನು ಫೋನ್. ಕಾಲಮ್-ಕೌಂಟ್ 3 ಅಂತ ಹಟ ಹಿಡಿಯೋ ಬದಲು ಕಾಲಮ್-ವಿಡ್ತ್ 20 ಎಮ್ ಅಂತ ಕೊಟ್ರೆ, ಜಾಗ ಇದ್ದಷ್ಟು ಕಾಲಮ್ಮನ್ನ ಬ್ರೌಸರೇ ಮಾಡ್ಕೊಳ್ಳುತ್ತೆ. ಫೋನಲ್ಲಿ ಒಂದೇ ಕಾಲಮ್ ಉಳಿಯುತ್ತೆ. ಆಗ ಗೆರೆಯೂ ತಾನಾಗೇ ಮಾಯ.

ಗೆರೆ ಎದ್ದು ಕಾಣದಿದ್ರೆ ಪತ್ರಿಕೆ ಅನ್ನಿಸಲ್ಲ ಅಂತ ನಮ್ಮಲ್ಲೇ ಕೆಲವರು ಜಗಳಕ್ಕೆ ಬಂದ್ರು. ಪೇಪರ್ ಹರವಿಕೊಂಡು ಕೂತರೆ ಇಡೀ ಪುಟ ಕಣ್ಣೆದುರಿಗಿರುತ್ತೆ. ಸ್ಕ್ರೀನಲ್ಲಿ ಕಾಲಮ್ಮಿನ ಬುಡದ ತನಕ ಇಳಿದು, ಮುಂದಿನದಕ್ಕೆ ಮತ್ತೆ ಮೇಲೆ ಹತ್ತಬೇಕು. ಅದಕ್ಕೇ ಉದ್ದ ಲೇಖನಕ್ಕೆ ಕಾಲಮ್ಮೇ ಬೇಡ, ಚಿಕ್ಕ ಟಿಪ್ಪಣಿಗಳಿಗೆ ಇರಲಿ ಅಂತೀವಿ.

ಜೂನಿಯರ್ ಲೇಖನವನ್ನ ಮೊನ್ನೆ ಸರಿಮಾಡಿ ಹಾಕಿದ್ವಿ. ಅವರಮ್ಮ ಪೂರ್ತಿ ಓದಿ, ಎರಡು ಕಾಗುಣಿತ ತಪ್ಪು ಹುಡುಕಿ ಕಳಿಸಿದ್ದಾರೆ.