ಯೋಜನ ಎಷ್ಟುದ್ದ, ಮೊದಲು ಅದನ್ನು ಹೇಳಿ

ಫೆಬ್ರವರಿ 28 ಬಂತೆಂದರೆ ಶಾಲೆಗಳಲ್ಲಿ ವಿಜ್ಞಾನ ದಿನದ ಭಾಷಣ. ಸಿ.ವಿ. ರಾಮನ್ ಹೆಸರಿನಲ್ಲಿ ಶುರುವಾದ ಮಾತು ಎಷ್ಟೋ ಕಡೆ ಋಗ್ವೇದಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂಥ ಹೋಬಳಿ ಊರಿಗೂ ಅದೇ ಮಾತು ಮೊಬೈಲಿನಲ್ಲಿ ಬಂದಿಳಿದಿದೆ. "ಬೆಳಕಿನ ಸ್ಪೀಡು ನಮ್ಮೋರಿಗೆ ಆಗ್ಲೇ ಗೊತ್ತಿತ್ತಂತೆ ಕಣಣ್ಣ." ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಹೌದಪ್ಪ ಎಂದು ತಲೆಯಾಡಿಸುವುದು ಇನ್ನೂ ಸುಲಭ. ಲೆಕ್ಕ ಹಾಕಿ ನೋಡುವವರು ಕಡಿಮೆ. ಈ ವಾರ ಹಾಕಿಯೇಬಿಡೋಣ.

ಈ ಮಾತಿನ ಮೂಲ ನಮ್ಮ ಕರ್ನಾಟಕದಲ್ಲೇ ಇದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿದ್ದ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದರು. ಋಗ್ವೇದದ ಸೂರ್ಯಸೂಕ್ತವೊಂದನ್ನು ವಿವರಿಸುತ್ತ, ಅರ್ಧ ನಿಮಿಷದಲ್ಲಿ 2202 ಯೋಜನ ಕ್ರಮಿಸುವವನೇ ಎಂಬರ್ಥದ ಹಳೆಯ ಸ್ಮರಣೆಯೊಂದನ್ನು ಅವರು ಉಲ್ಲೇಖಿಸುತ್ತಾರೆ. ಇಲ್ಲಿನ ನಿಮಿಷ ನಮ್ಮ ಗಡಿಯಾರದ ನಿಮಿಷವಲ್ಲ, ಕಣ್ಣೆವೆ ಇಕ್ಕುವಷ್ಟು ಹೊತ್ತು. ಹೇಳಿರುವುದು ಸೂರ್ಯನ ಓಟವನ್ನೋ ಅವನ ಬೆಳಕಿನ ಓಟವನ್ನೋ ಎಂಬ ಚರ್ಚೆ ಬೇರೆ ಇದೆ. ಬೆಳಕಿನದೇ ಎಂದಿಟ್ಟುಕೊಳ್ಳೋಣ.

ಈಗ ಯೋಜನ ಎಂದರೆ ಎಷ್ಟು? ಭೂಮಿಯ ವ್ಯಾಸ 1050 ಯೋಜನ ಎಂದವನು ಆರ್ಯಭಟ. ಇಂದು ನಮಗೆ ಗೊತ್ತಿರುವ ವ್ಯಾಸ 12,742 ಕಿಲೋಮೀಟರ್. ಹಾಗಾದರೆ ಅವನ ಯೋಜನ ಸುಮಾರು 12 ಕಿಲೋಮೀಟರ್ ಆಯಿತು. ಖಗೋಳಗ್ರಂಥ ಸೂರ್ಯಸಿದ್ಧಾಂತ ಅದೇ ವ್ಯಾಸವನ್ನು 1600 ಯೋಜನ ಎನ್ನುತ್ತದೆ, ಅಲ್ಲಿಗೆ ಯೋಜನ 8 ಕಿಲೋಮೀಟರಿಗೆ ಇಳಿಯಿತು. ವೇಗದ ಪವಾಡ ಸಾರುವವರು ಇವೆರಡನ್ನೂ ಬಿಟ್ಟು ಅರ್ಥಶಾಸ್ತ್ರದ ಧನುಸ್ಸು ಎಂಬ ಅಳತೆಯ ಲೆಕ್ಕದಿಂದ ಒಂಬತ್ತು ಮೈಲಿ, ಅಂದರೆ ಹದಿನಾಲ್ಕೂವರೆ ಕಿಲೋಮೀಟರ್ ಹಿಡಿಯುತ್ತಾರೆ. ನಿಮಿಷವೂ ಒಂದೇ ಅಲ್ಲ. ವಿಷ್ಣುಪುರಾಣದಲ್ಲಿ ಹದಿನೈದು ನಿಮಿಷಕ್ಕೆ ಒಂದು ಕಾಷ್ಠೆ, ಮನುಸ್ಮೃತಿಯಲ್ಲಿ ಹದಿನೆಂಟಕ್ಕೆ. ಕಾಷ್ಠೆ ಎಂಬ ಆ ಕಾಲಮಾನದಿಂದ ದಿನದವರೆಗಿನ ಲೆಕ್ಕ ಎರಡರಲ್ಲೂ ಒಂದೇ, ಹಾಗಾಗಿ ದಿನವೊಂದಕ್ಕೆ ಪುರಾಣದ ಪ್ರಕಾರ 4,05,000 ನಿಮಿಷ, ಮನುವಿನ ಪ್ರಕಾರ 4,86,000.

ಸೇರಿಸಿ ನೋಡಿ. ಸೂರ್ಯಸಿದ್ಧಾಂತದ ಯೋಜನ, ಪುರಾಣದ ನಿಮಿಷ ಹಿಡಿದರೆ ವೇಗ ಸೆಕೆಂಡಿಗೆ 1.64 ಲಕ್ಷ ಕಿಲೋಮೀಟರ್. ಯೋಜನವನ್ನು ಆರ್ಯಭಟನದಾಗಿಸಿದರೆ ಎರಡೂವರೆ ಲಕ್ಷ. ಒಂಬತ್ತು ಮೈಲಿ ಹಿಡಿದರೆ 2.99 ಲಕ್ಷ, ಅಲ್ಲಿ ಚಪ್ಪಾಳೆ! ಆದರೆ ಅದೇ ಒಂಬತ್ತು ಮೈಲಿಗೆ ಮನುವಿನ ನಿಮಿಷ ಸೇರಿಸಿದರೆ 3.59 ಲಕ್ಷಕ್ಕೆ ಜಿಗಿಯುತ್ತದೆ. ಆರ್ಯಭಟನ ಯೋಜನಕ್ಕೆ ಮನುವಿನ ನಿಮಿಷ ಕೂಡಿಸಿದರೆ ಮತ್ತೆ 3 ಲಕ್ಷದ ಹತ್ತಿರ ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಉತ್ತರ ಮೊದಲೇ ಗೊತ್ತಿದ್ದವನಿಗೆ ಬೇಕಾದ ಜೋಡಿ ಆರಿಸಿಕೊಳ್ಳಲು ತೊಂದರೆಯೇನಿಲ್ಲ. ಗೊತ್ತಿಲ್ಲದವನು 2202 ಯೋಜನದಿಂದ ಬೆಳಕಿನ ವೇಗ ಕಂಡುಹಿಡಿಯಲಾರ. 1676ರಲ್ಲಿ ಡೆನ್ಮಾರ್ಕಿನ ರೋಮರ್ ಗುರುಗ್ರಹದ ಚಂದ್ರನೊಂದರ ಗ್ರಹಣ ಲೆಕ್ಕಕ್ಕಿಂತ ತಡವಾಗುವುದನ್ನು ಗಮನಿಸಿ, ಬೆಳಕು ಬರಲು ಹೊತ್ತು ಹಿಡಿಯುತ್ತದೆ ಎಂದ. ಅವನಿಂದ ಬಂದ ಅಂದಾಜು ನಿಖರವಾಗಿರಲಿಲ್ಲ. ಆದರೆ ಅವನು ನೋಡಿದ್ದನ್ನು ಇನ್ನೊಬ್ಬ ನೋಡಬಹುದಿತ್ತು, ತಿದ್ದಬಹುದಿತ್ತು. ತಿದ್ದಿದರು ಕೂಡ.

ನಮ್ಮ ಪೂರ್ವಿಕರು ವಿಮಾನ ಹಾರಿಸುತ್ತಿದ್ದರು ಎಂಬ ಇನ್ನೊಂದು ಕಥೆಯನ್ನು ಬೇಗ ಮುಗಿಸಬಹುದು. ಭರದ್ವಾಜ ಮಹರ್ಷಿಗಳದೆಂದು ಹೇಳುವ ವೈಮಾನಿಕ ಶಾಸ್ತ್ರ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಬಂದದ್ದು, ಮೈಸೂರಿನ ಜಿ.ಆರ್. ಜೋಸ್ಯರ್ ಅದನ್ನು 1973ರಲ್ಲಿ ಇಂಗ್ಲಿಷಿಗೆ ತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಗ್ರಂಥದ ಭಾಷೆ, ಚಿತ್ರ, ಯಂತ್ರ ಎಲ್ಲವನ್ನೂ ಪರೀಕ್ಷಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿನ ವಿಮಾನ ಹಾರಲಾರದು ಎಂದು ಬರೆದರು. ನನಗೆ ಮೆಚ್ಚುಗೆಯಾಗುವುದು ಆ ಐವರು ನಗುತ್ತ ಕೂರದೆ ಕೆಲಸ ಮಾಡಿದ ರೀತಿ.

ಪರಂಪರೆಯಲ್ಲಿ ಏನೂ ಇಲ್ಲ ಎಂದು ಇದರರ್ಥವೇ? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ ನೋಡಿ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಗೋಡೆ ತುಂಬ ಇದೆ. ಆ ಕಾಲದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಹಾರಿಸುತ್ತಿದ್ದ ರಾಕೆಟ್ಟಿನ ಗುಟ್ಟು ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದದ ಕೊಳವೆ ಸಿಡಿದು ಹೋಗುವಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತದೆ, ಹಾಗಾಗಿ ಮದ್ದು ಗಿಡಿದು ತುಂಬಬಹುದು, ಬಾಣ ದೂರ ಹೋಗುತ್ತದೆ. 1799ರಲ್ಲಿ ಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿನ ವಿಲಿಯಂ ಕಾಂಗ್ರೀವ್ ಅದೇ ದಾರಿಯಲ್ಲಿ ಮುಂದುವರಿದು ತನ್ನ ರಾಕೆಟ್ಟು ಮಾಡಿದ. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಈ ಇತಿಹಾಸವನ್ನು ವಿವರವಾಗಿ ಬರೆದಿದ್ದಾರೆ. ಟಿಪ್ಪು ಎಂದೊಡನೆ ಜಗಳಕ್ಕೆ ನಿಲ್ಲುವವರು ಎರಡೂ ಕಡೆ ಇದ್ದಾರೆ. ಆ ಕೊಳವೆ ಬಡಿದ ಕಮ್ಮಾರನ ಹೆಸರು ಕೇಳಿದವರು ಯಾರೂ ಇಲ್ಲ.

ಇನ್ನೂ ಹತ್ತಿರದ್ದು ರಾಗಿ. ನಮ್ಮ ಅಜ್ಜಂದಿರ ಕಾಲದಿಂದಲೂ ಇರುವ ಈ ಬೆಳೆಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಅದು ಬಂದು ಸಾವಿರಾರು ವರ್ಷ ನಮ್ಮ ರೈತರ ಕೈಯಲ್ಲಿ ಪಳಗಿತು. ಮಳೆ ಕೈಕೊಟ್ಟರೂ ತೆನೆ ಬಿಡುವ ತಳಿಗಳನ್ನು ಆರಿಸಿ, ಬೀಜಕ್ಕೆಂದು ಎತ್ತಿಟ್ಟು ಉಳಿಸಿದ್ದು ಅಕ್ಷರ ಬರದ ಹೆಂಗಸರು ಗಂಡಸರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದವರು, ಆ ನಾಟಿ ತಳಿಗಳನ್ನು ಆಫ್ರಿಕಾದ ತಳಿಗಳೊಡನೆ ಕೂಡಿಸಿದರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಅದನ್ನು ಬೆರಕೆ ಮಾಡುವುದು ತಾಳ್ಮೆಯ ಕೆಲಸ. ಹುಟ್ಟಿದ್ದು ಇಂಡಾಫ್ ತಳಿಗಳು, ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು. 1970ರ ದಶಕದಿಂದ ಹೊಲಗಳಲ್ಲಿ ಇಳುವರಿ ಏರಿದ್ದನ್ನು ಹಳೆಯ ರೈತರು ಈಗಲೂ ನೆನೆಯುತ್ತಾರೆ.

ಪರಂಪರೆಗೂ ವಿಜ್ಞಾನಕ್ಕೂ ನಂಟಿದೆಯೇ ಎಂದು ಕೇಳುವವರಿಗೆ ನನ್ನ ಅಳತೆಗೋಲು ಒಂದೇ: ಹಳೆಯ ತಿಳಿವಳಿಕೆಯಿಂದ ಹೊಸದೇನಾದರೂ ಹುಟ್ಟಿತೇ? ರಾಕೆಟ್ಟಿನಿಂದ ಹುಟ್ಟಿತು, ರಾಗಿಯಿಂದ ಹುಟ್ಟಿತು. ಪಶ್ಚಿಮದವರು ಕಂಡುಹಿಡಿದ ಮರುದಿನ ನಮ್ಮ ಶ್ಲೋಕದಲ್ಲಿ ಹುಡುಕಿ ತೆಗೆದದ್ದರಿಂದ ಈವರೆಗೆ ಒಂದು ಗುಂಡುಸೂಜಿಯೂ ಹುಟ್ಟಿಲ್ಲ. ಆರ್ಯಭಟನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿಲ್ಲ, ಆತ ಲೆಕ್ಕ ಮಾಡಿದವನು.

ನಮ್ಮ ಭಾಗದ ಹೈಸ್ಕೂಲು ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಮುಂದಿನ ವಿಜ್ಞಾನ ದಿನಕ್ಕೆ ಭಾಷಣಕಾರರನ್ನು ಕರೆಸಬೇಡಿ. ಒಂಬತ್ತನೇ ತರಗತಿ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಮೇಲಿನ ಯೋಜನದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ. ಆಮೇಲೆ ಬಸ್ಸು ಮಾಡಿಕೊಂಡು ದರಿಯಾ ದೌಲತ್‌ಗೂ ವಿ.ಸಿ. ಫಾರಂಗೂ ಕರೆದುಕೊಂಡು ಹೋಗಿ. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸು ಬರಬಹುದು.