ಬಡವನ ರಕ್ತವೂ ಪರೀಕ್ಷೆಯ ಖರ್ಚೂ

2025ರ ಅಕ್ಟೋಬರಿನಲ್ಲಿ ಝಾರ್ಖಂಡದ ಚಾಯಿಬಾಸಾ ಎಂಬ ಜಿಲ್ಲಾ ಪಟ್ಟಣದಿಂದ ಬಂದ ಸುದ್ದಿಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಓದಿರಬಹುದು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪಡೆಯುತ್ತಿದ್ದ ಐದು ಮಂದಿ ಮಕ್ಕಳಲ್ಲಿ ಎಚ್.ಐ.ವಿ. ಸೋಂಕು ಕಂಡುಬಂತು. ಮಕ್ಕಳು ಥಲಸೇಮಿಯಾ ಪೀಡಿತರು. ಇದು ಹುಟ್ಟಿನಿಂದಲೇ ಬರುವ ರೋಗ. ಬೇಕಾದಷ್ಟು ಗಟ್ಟಿ ರಕ್ತವನ್ನು ಆ ಮೈ ತಾನೇ ಮಾಡಿಕೊಳ್ಳಲಾರದು. ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಿದರೆ ಮಾತ್ರ ಮಗು ಉಳಿಯುತ್ತದೆ. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಅಮಾನತಾದರು, ತಲಾ 2 ಲಕ್ಷ ರೂಪಾಯಿ ಪರಿಹಾರ ಸಾರಲಾಯಿತು, ತನಿಖೆಗೆ ಆಜ್ಞೆಯಾಯಿತು. ಇಷ್ಟಾದ ಮೇಲೆ ದೊಡ್ಡ ಪತ್ರಿಕೆಗಳು ಬೇರೆ ಸುದ್ದಿಗೆ ಹೋದವು.

ನಾವು ಹಾಗೆ ಹೋಗಲಾರೆವು. ಜಿಲ್ಲಾ ಪಟ್ಟಣದ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವವರು ಯಾರು? ಹೆರಿಗೆಯಲ್ಲಿ ರಕ್ತ ಹೋಗಿ ಬಿಳಿಚಿಕೊಂಡ ಬಾಣಂತಿಯನ್ನು ಆಟೋದಲ್ಲಿ ತರುವವರು, ಯಂತ್ರಕ್ಕೆ ಕೈ ಕೊಟ್ಟ ಗಿರಣಿ ಕೆಲಸಗಾರರು, ಸಂತೆಗೆ ಹೋಗಿ ಬರುವಾಗ ಲಾರಿಗೆ ಸಿಕ್ಕ ಸಣ್ಣ ವ್ಯಾಪಾರಿಗಳು. ರಕ್ತದ ಚೀಲ ಕಂಬಕ್ಕೆ ತೂಗಿದಾಗ ಅದರೊಳಗೆ ಏನಿದೆಯೆಂದು ಕೇಳುವ ಧೈರ್ಯವಾಗಲಿ ವಿದ್ಯೆಯಾಗಲಿ ಅವರಿಗೆ ಎಲ್ಲಿಂದ ಬರಬೇಕು? ಆ ಪ್ರಶ್ನೆಯನ್ನು ಅವರ ಪರವಾಗಿ ವಿಜ್ಞಾನ ಎಂದೋ ಕೇಳಿದೆ, ಉತ್ತರವನ್ನೂ ಕಂಡುಹಿಡಿದಿದೆ. ಆ ಉತ್ತರ ಬಡವನ ಹಾಸಿಗೆಯವರೆಗೆ ಬರುವಷ್ಟರಲ್ಲಿ ಪ್ರತಿಸಲವೂ ಹತ್ತಾರು ವರ್ಷ ಕಳೆದುಹೋಗುತ್ತಿದೆಯಲ್ಲ, ಅದು ನಮ್ಮ ತಕರಾರು.

ಈ ವಿದ್ಯೆ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ತೋರಿಸಿದ. ಗುಂಪು ಜಾತಿಯನ್ನು ನೋಡುವುದಿಲ್ಲ, ಕುಲವನ್ನು ನೋಡುವುದಿಲ್ಲ. ಶಾನುಭೋಗರಿಗೂ ಜಾಡಮಾಲಿಗೂ ಒಂದೇ ಗುಂಪು ಇರಬಹುದು. ಇದೊಂದು ಸಂಗತಿಯೇ ನಮ್ಮ ದೇಶದ ಎಷ್ಟೋ ಶಾಸ್ತ್ರಗಳ ಬಾಯಿ ಮುಚ್ಚಿಸಬೇಕಾಗಿತ್ತು. 1914ರ ಸುಮಾರಿಗೆ ಸಿಟ್ರೇಟ್ ಎಂಬ ಲವಣ ಬೆರೆಸಿದರೆ ರಕ್ತ ಹೆಪ್ಪುಗಟ್ಟದೆಂದು ಗೊತ್ತಾದ ಮೇಲೆ ರಕ್ತವನ್ನು ಶೇಖರಿಸಿಡುವುದು ಸಾಧ್ಯವಾಯಿತು. 1936ರ ಕೊನೆಯಲ್ಲಿ ಸ್ಪೇನಿನ ಗಣರಾಜ್ಯ ಫ್ರಾಂಕೋನ ಫ್ಯಾಸಿಸ್ಟರೊಡನೆ ಹೋರಾಡುತ್ತಿದ್ದಾಗ ಕೆನಡಾದ ಡಾ. ನಾರ್ಮನ್ ಬೆಥೂನ್ ಮ್ಯಾಡ್ರಿಡ್‌ನಲ್ಲಿ ನಾಗರಿಕರು ಕೊಟ್ಟ ರಕ್ತವನ್ನು ವಾಹನದಲ್ಲಿ ಯುದ್ಧರಂಗಕ್ಕೆ ಒಯ್ದ. ಮುಂದೆ ಚೀನಾದಲ್ಲಿ ಅವನು ಪ್ರಾಣ ಬಿಟ್ಟ ಮೇಲೆ ಅವನ ಹೆಸರಿನ ಆಸ್ಪತ್ರೆಯನ್ನು ನಡೆಸಿದವರು ನಮ್ಮ ಗಡಿಯಾಚೆಯ ಗಿರಣಿಗಳ ಊರು ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ಣೀಸರು.

ರಕ್ತವಿಲ್ಲದೆ ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲ. ಎದೆಯನ್ನು ಸೀಳಿ ಹೃದಯವನ್ನು ರಿಪೇರಿ ಮಾಡುವ ವಿದ್ಯೆ 1950ರ ದಶಕದಲ್ಲಿ ಬಂದಾಗ ಒಬ್ಬೊಬ್ಬ ರೋಗಿಗೂ ಅನೇಕ ಬಾಟಲಿ ರಕ್ತ ಬೇಕಾಗುತ್ತಿತ್ತು. ಹೃದಯ ಗುಣವಾದವರು ಕೆಲವು ವಾರಗಳಲ್ಲಿ ಕಾಮಾಲೆ ಹಿಡಿದು ಮತ್ತೆ ಮಲಗತೊಡಗಿದರು. ಅಮೆರಿಕದ ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ ಡಾ. ಹಾರ್ವೆ ಆಲ್ಟರ್ ಮತ್ತು ಅವರ ಜೊತೆಗಾರರು ಇಂಥವರ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. 1970ಕ್ಕೆ ಮುಂಚೆ ಅಲ್ಲಿ ರಕ್ತ ಪಡೆದು ಹೃದಯದ ಆಪರೇಷನ್ ಮಾಡಿಸಿಕೊಂಡ ನೂರು ಮಂದಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಜನರಿಗೆ ಯಕೃತ್ತಿನ ಉರಿ, ಅಂದರೆ ಹೆಪಟೈಟಿಸ್, ತಗಲುತ್ತಿತ್ತು. ಆ ವರ್ಷ ಎರಡು ಕೆಲಸ ನಡೆದವು. ದುಡ್ಡು ಕೊಟ್ಟು ಕೊಂಡ ರಕ್ತವನ್ನು ನಿಲ್ಲಿಸಿದರು. ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಗುರುತಿಸಿದ್ದ ಹೆಪಟೈಟಿಸ್ ಬಿ ಗುರುತಿಗಾಗಿ ರಕ್ತವನ್ನು ಪರೀಕ್ಷಿಸತೊಡಗಿದರು. ನೂರಕ್ಕೆ ಮೂವತ್ತಿದ್ದುದು ಹತ್ತರ ಸುಮಾರಿಗೆ ಇಳಿಯಿತು. ಇಳಿತದ ದೊಡ್ಡ ಪಾಲು ಯಂತ್ರದಿಂದಲ್ಲ, ಕೊಳ್ಳುವುದನ್ನು ಬಿಟ್ಟದ್ದರಿಂದ ಬಂತೆಂಬುದನ್ನು ಗಮನಿಸಬೇಕು. ಅದೇ 1970ರಲ್ಲಿ ಲಂಡನ್ನಿನ ಪ್ರಾಧ್ಯಾಪಕ ರಿಚರ್ಡ್ ಟಿಟ್ಮಸ್ ಒಂದು ಗ್ರಂಥ ಬರೆದು, ರಕ್ತವನ್ನು ಸಂತೆಗೆ ಇಟ್ಟ ದೇಶಕ್ಕಿಂತ ದಾನವಾಗಿ ಪಡೆಯುವ ದೇಶದ ರಕ್ತ ಸುರಕ್ಷಿತವೂ ಅಗ್ಗವೂ ಆಗಿರುತ್ತದೆಂದು ವಾದಿಸಿದರು. ಪೇಟೆಯ ಪೈಪೋಟಿಯೇ ಎಲ್ಲಕ್ಕೂ ಮದ್ದೆನ್ನುವ ಪಂಡಿತರು ಈ ಲೆಕ್ಕವನ್ನು ಇಂದಿಗೂ ಸುತ್ತುಬಳಸಿ ದಾಟುತ್ತಾರೆ.

ಇನ್ನು ನಮ್ಮ ದೇಶದ ಕಥೆ. 1990ರಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಮಾಡಿಸಿದ ಒಂದು ಸಮೀಕ್ಷೆಯಲ್ಲಿ ದೇಶದಲ್ಲಿದ್ದ 1,018 ರಕ್ತನಿಧಿಗಳ ಪೈಕಿ 616ಕ್ಕೆ ಪರವಾನಗಿಯೇ ಇಲ್ಲವೆಂದು ತಿಳಿಯಿತು. ಪೇಟೆ ತೂಕದ ಕಲ್ಲಿಗೆ ಮುದ್ರೆಯಿಲ್ಲದಿದ್ದರೆ ಅಂಗಡಿಕಾರನಿಗೆ ದಂಡ ಹಾಕುವ ಸರ್ಕಾರವೇ ಇದು! ರಕ್ತ ಮಾರಿ ಹೊಟ್ಟೆ ಹೊರೆಯುವವರು ತಿಂಗಳಲ್ಲಿ ಹಲವು ಬಾರಿ ಸೂಜಿಗೆ ತೋಳು ಕೊಡುತ್ತಿದ್ದರು. ಇವರನ್ನು ರೋಗ ಹರಡುವವರೆಂದು ಬೈಯುವುದು ಸುಲಭ. ಆದರೆ ಕೆಲಸವಿಲ್ಲದವನು, ರಿಕ್ಷಾ ತುಳಿದು ಸೋತವನು, ಮೈಯ ರಕ್ತವನ್ನೇ ಮಾರಬೇಕಾಗಿ ಬಂದದ್ದು ಯಾರ ತಪ್ಪು? ಅವನ ಕೈಗೆ ಬಂದ ಪುಡಿಗಾಸಿನ ಮೇಲೆ ದಲ್ಲಾಳಿ ಎಷ್ಟು ಗಳಿಸಿದ? ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ತೀರ್ಪಿತ್ತ ಮೇಲೆ, 1998ರ ಜನವರಿ 1ರಿಂದ ರಕ್ತದ ಮಾರಾಟ ನಿಂತಿತು. ಶಾಸನಸಭೆಗಳು ಮಾಡಬೇಕಾಗಿದ್ದ ಕೆಲಸವನ್ನು ನ್ಯಾಯಾಲಯ ಮಾಡಿತು.

ನಿಂತಿತೆಂದರೆ ಕಾಗದದ ಮೇಲೆ. ‘ಒಂದು ಬಾಟಲಿ ಬೇಕಾದರೆ ನಿಮ್ಮ ಕಡೆಯವರು ಒಂದು ಬಾಟಲಿ ಕೊಡಿ’ ಎಂಬ ಮಾತು ಆಸ್ಪತ್ರೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಊರಿಂದ ಒಬ್ಬಳೇ ಬಂದ ಹೆಂಗಸು ಯಾರನ್ನು ಕರೆತರಬೇಕು? ಇಂಥ ಕಡೆಯೇ ಆಸ್ಪತ್ರೆಯೆದುರಿನ ಚಹದಂಗಡಿಯಲ್ಲಿ ದಿಢೀರನೆ ಒಬ್ಬ ‘ಭಾವಮೈದುನ’ ಹುಟ್ಟಿಕೊಳ್ಳಲು ಅವಕಾಶವಾಗುವುದು. ತನ್ನ ರೋಗವನ್ನು ಮುಚ್ಚಿಟ್ಟು ದುಡ್ಡಿಗಾಗಿ ಕೊಟ್ಟ ರಕ್ತಕ್ಕೂ ಪರೀಕ್ಷೆ ಇದೆಯಲ್ಲ ಎನ್ನಬಹುದು. ಇದೆ, ಅದರ ಮಿತಿಯೂ ಇದೆ.

ಪ್ರತಿ ಬಾಟಲಿಗೂ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಈ ಐದರ ಪರೀಕ್ಷೆ ಆಗಲೇಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಎಚ್.ಐ.ವಿ. ಪರೀಕ್ಷೆ 1985ರಲ್ಲಿ ಅಮೆರಿಕದ ಬಳಕೆಗೆ ಬಂತು. ಇಲ್ಲಿ ಕಡ್ಡಾಯವಾದದ್ದು 1989ರಲ್ಲಿ. ಹೆಪಟೈಟಿಸ್ ಸಿ ವೈರಸನ್ನು 1989ರಲ್ಲಿ ಗುರುತಿಸಿದರು, 1990ರಲ್ಲಿ ಪರೀಕ್ಷೆ ಬಂತು. ನಮ್ಮಲ್ಲಿ ಕಡ್ಡಾಯವಾಗಲು 2001 ಬರಬೇಕಾಯಿತು. ನಡುವಿನ ಹನ್ನೊಂದು ವರ್ಷ ಈ ದೇಶದ ಎಷ್ಟು ಬಾಣಂತಿಯರಿಗೆ, ಎಷ್ಟು ಮಕ್ಕಳಿಗೆ ಆ ವೈರಸ್ ಸಮೇತ ರಕ್ತ ಏರಿಸಲಾಯಿತೆಂಬ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಈ ರೋಗ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುವಂಥದು. ‘ಕುಡಿತ ಜಾಸ್ತಿಯಾಗಿತ್ತು’ ಎಂದು ಸತ್ತವನ ಮೇಲೆಯೇ ಊರು ಹೊರಿಸಿದ ಎಷ್ಟೋ ಸಾವುಗಳ ಹಿಂದೆ ಹಳೆಯ ಆಪರೇಷನ್ನಿನ ಒಂದು ಬಾಟಲಿ ಇದ್ದಿರಬಾರದೇಕೆ?

ಈಗ ಅದೇ ಕಥೆ ಮೂರನೆಯ ಸಲ ನಡೆಯುತ್ತಿದೆ. ಎಲೈಸಾ ಎಂಬ ಸಾಮಾನ್ಯ ಪರೀಕ್ಷೆ ಮುಖ್ಯವಾಗಿ ಹುಡುಕುವುದು ವೈರಸನ್ನಲ್ಲ, ವೈರಸಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು. ಕಳ್ಳನನ್ನಲ್ಲ, ಪೊಲೀಸರು ಬಂದಿದ್ದಾರೆಯೇ ಎಂಬುದನ್ನು. ಪೊಲೀಸರು ಬರಲು ತಡವಾಗುತ್ತದೆ. ಎಚ್.ಐ.ವಿ. ತಗಲಿದ ಮೊದಲ ಕೆಲವು ವಾರ, ಹೆಪಟೈಟಿಸ್ ಸಿ ತಗಲಿದ ಎರಡು ತಿಂಗಳಷ್ಟು ಕಾಲ, ರಕ್ತದಲ್ಲಿ ರೋಗವಿದ್ದೂ ಪರೀಕ್ಷೆ ‘ಇಲ್ಲ’ ಎನ್ನಬಹುದು. ನ್ಯಾಟ್ ಎಂಬ ಇನ್ನೊಂದು ಪರೀಕ್ಷೆ ವೈರಸಿನ ಬೀಜವಸ್ತುವನ್ನೇ ಹಿಡಿಯುತ್ತದೆ. ಎರಡು ತಿಂಗಳ ಕತ್ತಲೆಯನ್ನು ಒಂದೆರಡು ವಾರಕ್ಕೆ ಇಳಿಸುತ್ತದೆ. ಪೂರ್ತಿ ಅಳಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕ, ಜರ್ಮನಿ, ಜಪಾನುಗಳು 1999ರ ಸುಮಾರಿಗೇ ಇದನ್ನು ದಾನಿಗಳ ರಕ್ತಕ್ಕೆ ಅನ್ವಯಿಸಿದವು. ನಮ್ಮಲ್ಲಿ 2025ರಲ್ಲಿಯೂ ಇದು ದೇಶಕ್ಕೆಲ್ಲ ಕಡ್ಡಾಯವಾಗಿರಲಿಲ್ಲ. ದೊಡ್ಡ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹಣವಂತನಿಗೆ ನ್ಯಾಟ್ ಆದ ರಕ್ತ. ಚಾಯಿಬಾಸಾದಂಥ ಊರಿನ ಕೂಲಿಯ ಮಗನಿಗೆ ಬರಿಯ ಎಲೈಸಾ, ಅದೂ ನೆಟ್ಟಗೆ ನಡೆದರೆ. ಥಲಸೇಮಿಯಾದ ಮಗು ಮೂರು ವಾರಕ್ಕೊಂದು ಬಾಟಲಿಯಂತೆ ಹತ್ತು ವರ್ಷದಲ್ಲಿ ಸುಮಾರು 170 ಮಂದಿ ಅಪರಿಚಿತರ ರಕ್ತ ಪಡೆಯುತ್ತದೆ. ಸಾವಿರಕ್ಕೊಮ್ಮೆ ಆಗುವ ತಪ್ಪೂ ಅಂಥ ಮಗುವಿಗೆ ಸಣ್ಣ ಸಂಗತಿಯಲ್ಲ.

ಖರ್ಚು ಹೆಚ್ಚು ಎಂಬುದು ಸರ್ಕಾರಗಳ ಉತ್ತರ. ಯಾವುದರ ಖರ್ಚು? ಪ್ರತಿ ಜಿಲ್ಲೆಯಲ್ಲೂ ಯಂತ್ರ ಕೂರಿಸಬೇಕೆಂದು ಯಾರೂ ಕೇಳುತ್ತಿಲ್ಲ. ರಕ್ತದ ಚೀಲ ಇದ್ದಲ್ಲೇ ಇರಲಿ. ಕಿರುಬೆರಳಷ್ಟು ಗಾಜಿನ ನಳಿಗೆಯ ಮಾದರಿ ರಾತ್ರಿ ಬಸ್ಸಿನಲ್ಲೋ ವ್ಯಾನಿನಲ್ಲೋ ನಾಲ್ಕಾರು ಜಿಲ್ಲೆಗೊಂದಿರುವ ಪ್ರಯೋಗಶಾಲೆಗೆ ಹೋಗಿ ಬರಬಹುದು. ಆರು ಮಂದಿಯ ಮಾದರಿಗಳನ್ನು ಬೆರೆಸಿ ಒಂದೇ ಸಲ ಪರೀಕ್ಷಿಸಿ, ದೋಷ ಕಂಡರೆ ಮಾತ್ರ ಬಿಡಿಬಿಡಿಯಾಗಿ ನೋಡುವ ಕ್ರಮವೂ ಬಳಕೆಯಲ್ಲಿದೆ. ವರ್ಷಕ್ಕೆ ಒಂದು ಕೋಟಿಗೂ ಮೇಲ್ಪಟ್ಟು ಯೂನಿಟ್ ರಕ್ತ ಸಂಗ್ರಹಿಸುವ ದೇಶ ಒಟ್ಟಾಗಿ ಖರೀದಿಗೆ ಕುಳಿತರೆ ಕಂಪನಿಗಳು ದರ ಇಳಿಸದೆ ಹೋಗುವವೇ? ಸಗಟು ಕೊಳ್ಳುವವನಿಗೆ ದರ ಇಳಿಯುತ್ತದೆಂಬುದನ್ನು ನಮ್ಮ ಪೇಟೆಯ ಯಾವ ಕಿರಾಣಿ ಅಂಗಡಿಯವರಾದರೂ ಆರೋಗ್ಯ ಮಂತ್ರಿಗಳಿಗೆ ಹೇಳಿಕೊಟ್ಟಾರು.

ದರವೇಕೆ ಏರಿತೆಂಬುದಕ್ಕೂ ಒಂದು ಹಿನ್ನೆಲೆಯಿದೆ. ಕಾಮಾಲೆಯ ಆ ಅಜ್ಞಾತ ರೋಗವನ್ನು ವರ್ಷಗಟ್ಟಲೆ ಬೆನ್ನಟ್ಟಿದ್ದು ಸರ್ಕಾರಿ ಹಣ. ರಕ್ತದ ಮಾದರಿ ಕೊಟ್ಟವರು ರೋಗಿಗಳು. ಕೊನೆಗೆ ಕೈರಾನ್ ಎಂಬ ಅಮೆರಿಕದ ಖಾಸಗಿ ಕಂಪನಿಯಲ್ಲಿ ಮೈಕೇಲ್ ಹೌಟನ್ ಮತ್ತವರ ಜೊತೆಗಾರರು ಸರ್ಕಾರಿ ವಿಜ್ಞಾನಿಯೊಬ್ಬರ ಸಹಾಯದಿಂದ ವೈರಸನ್ನು ಗುರುತಿಸಿದಾಗ, ಪೇಟೆಂಟ್ ಪಡೆದದ್ದು ಕಂಪನಿ. 2020ರಲ್ಲಿ ಆಲ್ಟರ್, ಹೌಟನ್, ಚಾರ್ಲ್ಸ್ ರೈಸ್ ಮೂವರಿಗೂ ನೊಬೆಲ್ ಬಂತು, ಸಂತೋಷ. ಆ ರೋಗವನ್ನು ಹನ್ನೆರಡು ವಾರದಲ್ಲಿ ಗುಣಪಡಿಸುವ ಸೊಫೊಸ್‌ಬುವಿರ್ ಗುಳಿಗೆ 2013ರ ಡಿಸೆಂಬರಿನಲ್ಲಿ ಅಮೆರಿಕದ ಪೇಟೆಗೆ ಬಂದಾಗ ಒಂದು ಗುಳಿಗೆಗೆ 1,000 ಡಾಲರ್, ಪೂರ್ತಿ ಚಿಕಿತ್ಸೆಗೆ 84,000 ಡಾಲರ್! ನಮ್ಮ ದೇಶದ ಕಾರ್ಖಾನೆಗಳು ಅದೇ ಗುಳಿಗೆಯನ್ನು ಆ ಬೆಲೆಯ ಸಣ್ಣದೊಂದು ಪಾಲಿಗೆ ಮಾಡಿ ತೋರಿಸಿದವು; 2018ರ ಜುಲೈಯಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗತೊಡಗಿತು. ಸರ್ಕಾರ ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಇದು ದೃಷ್ಟಾಂತ. ರೋಗ ಬಂದ ಮೇಲೆ ಗುಳಿಗೆ ಉಚಿತ, ಬಾರದಂತೆ ತಡೆಯುವ ಪರೀಕ್ಷೆ ಮಾತ್ರ ದುಬಾರಿ ಎಂಬುದು ಯಾವ ಅರ್ಥಶಾಸ್ತ್ರವೋ ನಮಗೆ ತಿಳಿಯದು.

ದಾನ ಮಾಡುವವರ ಮಾತನ್ನೂ ಆಡಬೇಕು. 18 ವರ್ಷ ತುಂಬಿದ, 45 ಕಿಲೋಗ್ರಾಂ ತೂಕವಿರುವ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಮುಖಂಡರ ಹುಟ್ಟುಹಬ್ಬದ ದಿನ ಶಾಮಿಯಾನ ಹಾಕಿಸಿ ಒಂದೇ ದಿನ ನೂರಾರು ಬಾಟಲಿ ತೆಗೆಯುವ ಉತ್ಸಾಹ ಈಚೆಗೆ ಬೆಳೆದಿದೆ. ಕೆಂಪು ರಕ್ತಕಣಗಳು ಶೀತಲದಲ್ಲಿ ಬಾಳುವುದು 35ರಿಂದ 42 ದಿನ, ಹುಟ್ಟುಹಬ್ಬ ವರ್ಷಕ್ಕೊಂದೇ. ಅದಕ್ಕಿಂತ ನಮ್ಮ ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು ತಿಂಗಳಿಗೆ ಹತ್ತು ಹತ್ತು ಮಂದಿಯ ಸರದಿ ಹಾಕಿಕೊಂಡು ವರ್ಷವಿಡೀ ಕೊಡುವುದು ಲೇಸು. ಅದೇ ಮಂದಿ ಮತ್ತೆ ಮತ್ತೆ ಕೊಟ್ಟರೆ ಅವರ ರಕ್ತ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗಿ ಅಷ್ಟರಮಟ್ಟಿಗೆ ನಂಬಿಕೆಯದಾಗುತ್ತದೆ. ಗಿರಣಿಯ ಆಡಳಿತದವರು ಶಿಬಿರದಲ್ಲಿ ಫೋಟೋ ತೆಗೆಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ರಕ್ತ ಕೊಟ್ಟವನಿಗೆ ಆ ದಿನ ಸಂಬಳ ಸಹಿತ ವಿರಾಮ ಕೊಡಲಿ. ತೋಳಿನ ಹತ್ತಿ ತೆಗೆಯುವ ಮೊದಲೇ ರಾತ್ರಿ ಪಾಳಿಗೆ ನಿಲ್ಲಿಸುವುದು ದಾನವಲ್ಲ, ವಸೂಲಿ.

ರಕ್ತಕ್ಕೆ ಬೆಲೆಯಿಲ್ಲ; ಸಂಗ್ರಹ, ಪರೀಕ್ಷೆ, ಶೇಖರಣೆಗಳ ಖರ್ಚನ್ನು ಮಾತ್ರ ಪಡೆಯಬಹುದು ಎಂಬುದು ನಿಯಮ. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಮಾಲಿಗೆ ಕ್ರಯವಿಲ್ಲ. ಹಮಾಲಿ, ತೂಕ, ಚೀಲದ ಲೆಕ್ಕ ಮಾತ್ರ. ಕೇಂದ್ರದ ಔಷಧ ನಿಯಂತ್ರಕರು ಇದನ್ನು ಎಲ್ಲ ರಾಜ್ಯಗಳಿಗೂ ಮತ್ತೆ ಬರೆದು ತಿಳಿಸಬೇಕಾಯಿತೆಂದರೆ, ನಿಯಮ ಎಷ್ಟರಮಟ್ಟಿಗೆ ನಡೆಯುತ್ತಿತ್ತೆಂಬುದನ್ನು ಊಹಿಸಬಹುದು. ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಿಗಳಿಂದ ಅಷ್ಟನ್ನೂ ತೆಗೆದುಕೊಳ್ಳಕೂಡದು.

ರಾಜ್ಯ ಸರ್ಕಾರ ಮುಂದಿನ ಆಯವ್ಯಯದಲ್ಲಿ ನ್ಯಾಟ್ ಪರೀಕ್ಷೆಗೆ ಹಣ ತೆಗೆದಿಟ್ಟು, ಸರ್ಕಾರಿ ರಕ್ತನಿಧಿಯಿಂದ ಹೊರಡುವ ಪ್ರತಿಯೊಂದು ಬಾಟಲಿಗೂ ಅದನ್ನು ಅನ್ವಯಿಸಬೇಕು. ಮೊದಲು ಮೇಲಿಂದ ಮೇಲೆ ರಕ್ತ ಪಡೆಯುವ ಮಕ್ಕಳಿಂದ ಪ್ರಾರಂಭವಾದರೂ ಸರಿಯೇ. ಬದಲಿ ರಕ್ತ ತನ್ನಿರೆಂದು ರೋಗಿಯ ಕಡೆಯವರನ್ನು ಪೀಡಿಸುವುದು ನಿಲ್ಲಬೇಕು. ಯಂತ್ರ ಬರುವ ಮುಂಚೆ, ಇರುವ ಪರೀಕ್ಷೆಯನ್ನಾದರೂ ತರಬೇತಾದ, ಗುತ್ತಿಗೆಯ ಅತಂತ್ರದಲ್ಲಿ ತೂಗಾಡದ ತಂತ್ರಜ್ಞರು ಮಾಡುವಂತಾಗಬೇಕು. ಸಂಬಳ ಮೂರು ತಿಂಗಳು ತಡವಾಗುವ ಗುತ್ತಿಗೆ ನೌಕರನ ಕೈಗೆ ನೂರಾರು ಜೀವಗಳ ಕೀಲಿ ಕೊಟ್ಟು, ಅನಾಹುತವಾದಾಗ ಅವನೊಬ್ಬನನ್ನೇ ಅಮಾನತಿನಲ್ಲಿಡುವುದು ನ್ಯಾಯವಲ್ಲ.

ಜಿಲ್ಲಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಕಾರ್ಮಿಕ ಸಂಘದವರೂ ವರ್ತಕ ಸಂಘದವರೂ ಒಂದೇ ಮನವಿಯನ್ನು ಬರೆದುಕೊಂಡು ಹೋಗಬೇಕು. ಕಳೆದ ವರ್ಷ ಎಷ್ಟು ಬಾಟಲಿ ಬಂತು, ದಾನಿಗಳದೆಷ್ಟು, ಬದಲಿಯದೆಷ್ಟು, ಯಾವ ವಿಧಾನದಿಂದ ಪರೀಕ್ಷೆಯಾಯಿತು, ಎಷ್ಟನ್ನು ಬಿಸಾಡಬೇಕಾಯಿತು ಎಂಬ ಅಂಕಿಗಳನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬಂದ ವಾರವೇ ಅದನ್ನು ಈ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ, ಬಾರಲಿಲ್ಲವೆಂಬುದನ್ನು ಪ್ರತಿ ವಾರವೂ ಅಚ್ಚು ಹಾಕುತ್ತೇವೆ.