ಗೊಂಬೆಯೇ ಮಾತಾಡಿದರೆ ಮಗು ಮಾತಾಡುವುದು ಯಾವಾಗ?

ಸೌದಿಯಿಂದ ರಜೆಗೆ ಬಂದ ಯಜಮಾನರು ಪೆಟ್ಟಿಗೆ ಬಿಚ್ಚುತ್ತಾರೆ. ಗುಂಡಿ ಒತ್ತಿದರೆ ಹಾಡುವ ಕರಡಿ, ಇಂಗ್ಲಿಷ್ ಅಕ್ಷರ ಹೇಳುವ ಫೋನು. ಮನೆಯೆಲ್ಲ ಸಂಭ್ರಮ. ಮೂರನೇ ದಿನ ನೋಡಿದರೆ ಎರಡೂವರೆ ವರ್ಷದ ಮಗು ಅವನ್ನೆಲ್ಲ ಮೂಲೆಗೆ ತಳ್ಳಿ, ಅಡುಗೆಮನೆಯ ಮರದ ಸೌಟನ್ನು ಕಿವಿಗೆ ಹಿಡಿದು, “ಅಬ್ಬಾ, ಯಾವಾಗ ಬರ್ತೀರಿ?” ಎನ್ನುತ್ತಿದೆ. ಅಬ್ಬಾ ಪಕ್ಕದಲ್ಲೇ ಕುಳಿತಿದ್ದಾರೆ!

ಸೋದರಿಯರೇ, ಆ ಸೌಟನ್ನು ಕಿತ್ತುಕೊಳ್ಳಬೇಡಿ. ಸೌಟು ಫೋನಿನ ಬದಲಿಗೆ ನಿಲ್ಲಬಲ್ಲದು ಎಂದು ಮಗು ಕಂಡುಕೊಂಡಿದೆ. ‘ನೀರು’ ಎಂಬ ಶಬ್ದ ಲೋಟದಲ್ಲಿರುವ ನೀರಿನ ಬದಲಿಗೆ ನಿಲ್ಲುವುದೂ ಹೀಗೆಯೇ ಅಲ್ಲವೇ? ಕೋಲನ್ನು ಕುದುರೆ ಮಾಡಿಕೊಂಡ ಮಗು ಅರ್ಥವನ್ನು ವಸ್ತುವಿನಿಂದ ಬೇರ್ಪಡಿಸಲು ಕಲಿಯುತ್ತಿದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ವಿವರಿಸಿದ್ದರು.

ಹಾಡುವ ಕರಡಿಯ ತೊಂದರೆ ಬೇರೆ. ಅಮೆರಿಕದ ಸಂಶೋಧಕಿ ಆನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳು ಹೆತ್ತವರೊಂದಿಗೆ ಆಡುವಾಗಿನ ಮಾತುಗಳನ್ನು ಮನೆಯಲ್ಲೇ ಧ್ವನಿಮುದ್ರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆಕ್ಟ್ರಾನಿಕ್ ಆಟಿಕೆ ಕೊಟ್ಟಾಗ ಹೆತ್ತವರ ಮಾತು ಪುಸ್ತಕ ಅಥವಾ ಸಾದಾ ಆಟಿಕೆ ಕೊಟ್ಟಾಗಿಗಿಂತ ಕಡಿಮೆಯಾಗಿತ್ತು. ಆಟಿಕೆ ಹೇಗೂ ಮಾತಾಡುತ್ತಿದೆಯಲ್ಲ ಎಂದು ನಾವು ಸುಮ್ಮನಾಗಿಬಿಡುತ್ತೇವೇನೋ.

ಚನ್ನಪಟ್ಟಣದ ಮರದ ಗೊಂಬೆಯಿರಲಿ, ನೀವೇ ಹೊಲಿದ ಬಟ್ಟೆಯ ಗೊಂಬೆಯಿರಲಿ, ದಿನಕ್ಕೆ ಹತ್ತು ನಿಮಿಷ ಮಗುವಿನೊಡನೆ ನೆಲದ ಮೇಲೆ ಕುಳಿತುಕೊಳ್ಳಿ. “ಇದು ಯಾವ ಬಣ್ಣ? ಅದೇನು?” ಎಂದು ಪರೀಕ್ಷೆ ನಡೆಸಬೇಡಿ. “ಅಯ್ಯೋ, ಗೊಂಬೆ ಯಾಕೆ ಅಳ್ತಿದೆ?” ಎನ್ನಿ. ಮಗು “ಜರ” ಎನ್ನಬಹುದು. ತಿದ್ದುವ ಅಗತ್ಯವಿಲ್ಲ. “ಹೌದಾ, ಜ್ವರ ಬಂತಾ? ಹಣೆ ಬಿಸಿ ಇದೆಯಾ? ಔಷಧಿ ಯಾರು ಕೊಡ್ತಾರೆ?” ಎಂದು ಆಟ ಮುಂದುವರಿಸಿ, ಉತ್ತರಕ್ಕೆ ಕಾಯಿರಿ. ಕಾಯುವುದೇ ನಮಗೆ ಕಷ್ಟ. ಒಲೆಯ ಮೇಲೆ ಸಾರು ಇರುತ್ತದೆ!

ಬ್ಯಾರಿಯೋ ಉರ್ದುವೋ ಕನ್ನಡವೋ, ನಿಮ್ಮ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಆಡಿ. ಶಾಲೆಯ ಇಂಗ್ಲಿಷಿಗೆ ಅದರಿಂದ ತೊಂದರೆಯಾಗದು. ಬಾಯಿಗೆ ಹೋಗುವಷ್ಟು ಸಣ್ಣ ಚೂರುಗಳನ್ನೂ ಬಟನ್ ಬ್ಯಾಟರಿಗಳನ್ನೂ ಮಾತ್ರ ಮಗುವಿನ ಕೈಗೆ ಸಿಗದಂತೆ ಇಡಿ.

ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಎಂದಾದರೆ, “ಅವನಪ್ಪನೂ ತಡವಾಗಿಯೇ ಮಾತಾಡಿದ್ದು” ಎಂಬ ಹಿರಿಯರ ಸಮಾಧಾನಕ್ಕೆ ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳಿಗೂ ಅದರ ವ್ಯವಸ್ಥೆಯಿದೆ.